ಮರದ ಇಂಟರ್‌ವ್ಯೂ

‘ಬೈನರಿ ಟ್ರೀ ತಿರುವಿ ಹಾಕಲು ಬರುತ್ತದೆಯೇ?’ ಎಂದು ಸವಣೂರಲ್ಲಿ ಕೇಳಿದರೆ ಜನ ಕೊಡಲಿ ಹುಡುಕಿಯಾರು. ದೊಡ್ಡ ಟೆಕ್ ಕಂಪನಿಗಳ ಆಸೆ ಹೊತ್ತವರಿಗೆ ಮಾತ್ರ ಇದು ಜೀವನ್ಮರಣದ ಪ್ರಶ್ನೆ. ಹೋಮ್‌ಬ್ರೂ ಎಂಬ ಸಾಫ್ಟ್‌ವೇರ್ ಬರೆದ ಮ್ಯಾಕ್ಸ್ ಹೋವೆಲ್‌ನಂಥವನೇ, ಇದೊಂದು ಬರಲಿಲ್ಲವೆಂದು ಗೂಗಲ್ ತನ್ನನ್ನು ಬೇಡವೆಂದಿತು ಅಂತ 2015ರಲ್ಲಿ ಟ್ವಿಟರ್‌ನಲ್ಲಿ ಗೋಳಾಡಿದ್ದ.

ನನ್ನ ಇಂಟರ್‌ವ್ಯೂ ತಯಾರಿಯಲ್ಲಿ ಅರೇ, ಸ್ಟ್ಯಾಕು, ಹೀಪು ಎಲ್ಲ ಹೇಗೋ ಮುಗಿದವು. ಉಳಿದದ್ದು ಒಂದೇ ಕಟ್ಟಳೆ: ಅಭ್ಯರ್ಥಿ ಬಾಯಿಬಿಟ್ಟು ಯೋಚಿಸಬೇಕು. ಮನೆಯಲ್ಲಿ ಹಾಗೆ ಯೋಚಿಸಿದರೆ ಅವ್ವ ದೃಷ್ಟಿ ತೆಗೆಯುತ್ತಾಳೆ. ಹಾಗಾಗಿ ಸವಣೂರಿನ ದೊಡ್ಡಹುಣಸೆ ಮಠಕ್ಕೆ ಹೋದೆ. ಅಲ್ಲಿಯ ಆನೆಗಾತ್ರದ ಮೂರು ಮರಗಳು ಆಫ್ರಿಕಾ ಮೂಲದವು. ಎಲೆ ಉದುರಿದಾಗ ಬೇರು ಮೇಲೆ ಮಾಡಿ ನಿಂತಂತೆ ಕಾಣುತ್ತವೆ. ಕಂಪ್ಯೂಟರಿನವರ ಮರಕ್ಕೂ ಬೇರು ಮೇಲೆಯೇ.

ಕೋಲು ಹಿಡಿದು ಟೊಂಗೆಗಳನ್ನು ತೋರಿಸುತ್ತ ಶುರುಮಾಡಿದೆ. “ರೂಟ್ ನಲ್ ಇದ್ದರೆ ರಿಟರ್ನ್. ಇಲ್ಲದಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ...”

ಎಲೆಗೆ ಸುಣ್ಣ ಸವರುತ್ತ ಕೂತಿದ್ದ ಅಜ್ಜ ಕೇಳಿದ, “ಯಾರ ಜೋಡಿ ಮಾತಾಡಾಕತ್ತೀಯೋ ತಮ್ಮಾ?”

“ಇಂಟರ್‌ವ್ಯೂ ಐತ್ರಿ ಅಜ್ಜಾರ.”

“ಮರದ್ದ?”

ವಿವರಿಸಿದೆ. ಬೇರು ಮೇಲೆ, ಟೊಂಗೆ ಕೆಳಗೆ ಅಂದದ್ದೇ ತಡ, ಅಜ್ಜ ಅರಳಿದ. “ಅದು ಗೀತಾದ 15ನೇ ಅಧ್ಯಾಯದಾಗ ಬಂದೈತಲ್ಲೋ! ಆದರ ಕೃಷ್ಣ ಅದನ್ನ ಕಡಿ ಅಂತಾನ, ತಿರುವು ಅನ್ನಂಗಿಲ್ಲ.”

ಬಿಡಲಿಲ್ಲ ನಾನು. ರಿಕರ್ಶನ್ ಹೇಳುತ್ತ ಮರ ಸುತ್ತತೊಡಗಿದೆ. ದರ್ಶನಕ್ಕೆ ಬಂದ ತಾಯಿಯೊಬ್ಬಳು ಇದೇನೋ ಹರಕೆಯೆಂದು ಕೂಸನ್ನು ಎತ್ತಿಕೊಂಡು ಹಿಂದೆ ನಡೆದಳು. ಎರಡನೇ ಸುತ್ತಿಗೆ ಕೂಸೂ “ನಲ್, ನಲ್” ಅಂದಿತು. ಅಜ್ಜ ಎಲೆ ಮಡಚಿ ಬಾಯಿಗಿಟ್ಟ. “2023ರ ಮಳ್ಯಾಗ ಈ ಮೂರರಾಗ ಒಂದು ಬುಡಮೇಲಾಗಿತ್ತು. ಎತ್ತಿ ಮತ್ತ ನೆಟ್ಟರು. ಅವರನ್ಯಾರೂ ಇಂಟರ್‌ವ್ಯೂ ಮಾಡಲಿಲ್ಲ.”

ಇಂಟರ್‌ವ್ಯೂದಲ್ಲಿ ಮರ ಬರಲೇ ಇಲ್ಲ. ಗ್ರಾಫ್ ಬಂತು. ಕ್ಯಾಮೆರಾ ಬಂದ್ ಮಾಡಿ ಕೂತ ಪುಣ್ಯಾತ್ಮ “ಓಕೆ” ಅನ್ನುವುದಕ್ಕೂ ಜಿಪುಣ. ಆಮೇಲೆ ಮೇಲ್ ಬಂತು: ವಿಷಾದವಿದೆ, ಶುಭಾಶಯಗಳಿವೆ, ಕಾರಣವಿಲ್ಲ. ಹಾನಗಲ್ಲಿನ ಗೆಳೆಯನಿಗೂ ಹಿರೇಕೆರೂರಿನ ಗೆಳತಿಗೂ ಅಕ್ಷರಶಃ ಅದೇ ಪತ್ರ, ಹೆಸರಷ್ಟೇ ಬೇರೆ. ನಾವು ಬಾಯಿಬಿಟ್ಟು ಯೋಚಿಸಬೇಕಂತೆ. ಇವರು ಮಾತ್ರ ಬಾಯಿಮುಚ್ಚಿಕೊಂಡು ಬೇಡವೆನ್ನಬಹುದು!

ಶಿಗ್ಗಾವಿ ಕಾಕಾ ಸುಮ್ಮನಿದ್ದಾನೆಯೇ? “ನಮ್ಮೂರಾಗ ಹುಟ್ಟಿದ ಸುಧಾ ಮೂರ್ತಿ ಏನು ಮಾಡಿದರು ಗೊತ್ತೈತಿಲ್ಲೋ?” ಗೊತ್ತು. 1974ರಲ್ಲಿ ಟಾಟಾದವರ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಡಿ ಎಂದಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದು ಕೇಳಿದರು. ಪುಣೆಯಿಂದ ಇಂಟರ್‌ವ್ಯೂ ಕರೆ ಬಂತು, ಕೆಲಸವೂ ಸಿಕ್ಕಿತು. ಅನ್ಯಾಯ ನಿಜ, ಆದರೆ ಅದು ಅಚ್ಚಾಗಿತ್ತು, ಬೆರಳಿಟ್ಟು ತೋರಿಸಿ ಜಗಳ ತೆಗೆಯಬಹುದಿತ್ತು. ನನ್ನ ಮೇಲ್‌ನಲ್ಲಿ ಬೆರಳಿಡುವ ಜಾಗವೇ ಇಲ್ಲ.

ಮರುದಿನ ಕಾಕಾ 50 ಪೈಸೆಯ ಕಾರ್ಡು ತಂದು, ಪೆನ್ನಿನ ಟೊಪ್ಪಿಗೆ ತೆಗೆದು ಕೂತ.

“ಮೇಲ್ ಕಳಿಸಿದವರ ಹೆಸರು ಹೇಳು.”

“ನೋ-ರಿಪ್ಲೈ.”

ದುಂಡಗೆ ಬರೆದುಕೊಂಡ. “ಅಡ್ಡಹೆಸರು?”