ಬಲ ಮೆದುಳಿಗೆ ಫೀಸು, ಎಡಗೈಗೆ ಏಟು

ಬಂಡೂರು ಟಗರು ಕೊಳ್ಳಲು ಬಂದವನನ್ನು ನೋಡಿ. ಬೆನ್ನು ತಡವುತ್ತಾನೆ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಿಂದೆ ನಿಂತು ತೊಡೆಯ ಮಟ್ಟ ಅಳೆಯುತ್ತಾನೆ. ಬೆರಕೆ ಮರಿಗೆ ಬಂಡೂರು ಅಂತ ಹೆಸರಿಟ್ಟು ತಂದರೆ ಮುಖಕ್ಕೆ ಹೇಳಿ ಎದ್ದು ಹೋಗುತ್ತಾನೆ.

ಅದೇ ಮನುಷ್ಯ ಮಗನ ಮೆದುಳಿನ ವ್ಯಾಪಾರದಲ್ಲಿ ಏನನ್ನೂ ತಡವಿ ನೋಡುವುದಿಲ್ಲ. ಟೈ ಕಟ್ಟಿದವನೊಬ್ಬ ಬರುತ್ತಾನೆ. ‘ನಿಮ್ಮ ಹುಡುಗ ಎಡ ಮೆದುಳಿನವನು. ಬಲ ಮೆದುಳು ಮಲಗಿದೆ, ಎಬ್ಬಿಸಬೇಕು’ ಅನ್ನುತ್ತಾನೆ. ಇವನು ಕಬ್ಬಿನ ದುಡ್ಡು ಎಣಿಸಿ ಕೊಡುತ್ತಾನೆ.

ಕುರಿಯ ತಳಿ ಕಾಯಲು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕೇಂದ್ರವಿದೆ. ಮಕ್ಕಳ ತಲೆ ಕಾಯಲು ಯಾರಿದ್ದಾರೆ? ತಲೆ ತಿನ್ನುವವರಿದ್ದಾರೆ.

ಈ ಎಡ-ಬಲದ ಕಥೆ ಪೂರ್ತಿ ಸುಳ್ಳಲ್ಲ. ಅದೇ ಇವರ ಬಂಡವಾಳ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ, ಮಾತು ಹೋಗಿದ್ದ ರೋಗಿಯ ಮೆದುಳಿನ ಎಡಭಾಗ ಹಾಳಾಗಿರುವುದನ್ನು ಕಂಡ. ನೂರು ವರ್ಷದ ಮೇಲೆ ಅಮೆರಿಕದ ರೋಜರ್ ಸ್ಪೆರಿ, ತೀವ್ರ ಮೂರ್ಛೆರೋಗಕ್ಕಾಗಿ ಎರಡು ಅರ್ಧಗಳ ನಡುವಿನ ಸೇತುವೆ ಕತ್ತರಿಸಿಕೊಂಡವರನ್ನು ಪರೀಕ್ಷಿಸಿದ. 1981ರಲ್ಲಿ ನೊಬೆಲ್ ಬಂತು.

ಕತ್ತರಿಸಿಕೊಂಡವರನ್ನು, ಸ್ವಾಮಿ. ನಿಮ್ಮ ಹುಡುಗನ ಸೇತುವೆ ಗಟ್ಟಿಯಾಗಿದೆ. ಅದರಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. ಒಂದು ಕಡೆ ಮಲಗಿ, ಇನ್ನೊಂದು ಕಡೆ ದುಡಿಯಲು ಅದೇನು ಸರ್ಕಾರಿ ಕಚೇರಿಯೇ?

ತಡವಾಗಿ ಮನೆಗೆ ಹೋದಾಗ ಹೆಂಡತಿ ‘ಬಹಳ ಬೇಗ ಬಂದ್ರಿ’ ಅನ್ನುತ್ತಾಳಲ್ಲ, ಆ ಪದಗಳನ್ನು ಬಿಡಿಸುವುದು ಬಹುಮಟ್ಟಿಗೆ ಎಡ ಮೆದುಳು. ದನಿಯ ಮೊನಚು ಹಿಡಿಯುವಲ್ಲಿ ಬಲದ ಪಾಲು ದೊಡ್ಡದು. ಎರಡೂ ಕೂಡಿದರಷ್ಟೇ ಗಂಡ ಬದುಕುತ್ತಾನೆ.

2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್ ಜಾಲಾಡಿದರು. ಕೆಲವು ಕೆಲಸ ಎಡಕ್ಕೆ, ಕೆಲವು ಬಲಕ್ಕೆ ವಾಲುವುದು ಕಂಡಿತು. ಪೂರಾ ಎಡದವನು, ಪೂರಾ ಬಲದವನು ಎಂಬ ಜಾತಿ ಮಾತ್ರ ಸಿಗಲಿಲ್ಲ. ಹೊಸ ಜಾತಿ ಅಂದರೆ ನಮಗೆ ಪ್ರಾಣ. ಹುಟ್ಟಿಸಿಕೊಂಡೆವು.

ಇದರ ದೊಡ್ಡಣ್ಣ ‘ಮಿಡ್‌ಬ್ರೈನ್ ಆಕ್ಟಿವೇಷನ್’. ನಡುಮೆದುಳು ಎಬ್ಬಿಸಿದರೆ ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓದುತ್ತದಂತೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಗುಟ್ಟು ಬಯಲು ಮಾಡಿ ವರ್ಷಗಳೇ ಆದವು. ಮಗು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಅಂದರೆ ಅಪ್ಪ ದುಡ್ಡು ಕೊಟ್ಟು ಮಗುವಿಗೆ ಕಳ್ಳನೋಟ ಕಲಿಸಿದ. ಮೇಲೆ ಸರ್ಟಿಫಿಕೇಟು. ಮನೆಗೆ ಬಂದು ‘ಪರೀಕ್ಷೇಲಿ ಕಾಪಿ ಹೊಡೀಬೇಡ’ ಅಂತ ಬುದ್ಧಿಮಾತು.

ಇಷ್ಟೆಲ್ಲ ಮೆದುಳುಶಾಸ್ತ್ರ ಬಲ್ಲ ಮನೆಯಲ್ಲಿ ಒಂದು ಬೆಳಿಗ್ಗೆ ತಾತನ ಬಾಯಿ ಸೊಟ್ಟಗಾಗುತ್ತದೆ. ಮಾತು ತೊದಲುತ್ತದೆ, ಬಲಗೈ ಬೀಳುತ್ತದೆ. ಎಡ ಮೆದುಳು ನಿಜವಾಗಿ ಕೂಗಿಕೊಳ್ಳುವುದೇ ಆಗ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆ ಗಡುವು. ಈ ಮಹಾಜ್ಞಾನಿಗಳು ‘ಲಕ್ವ ಹೊಡೆದಿದೆ’ ಅಂತ ಪಾರಿವಾಳ ಹುಡುಕಿಕೊಂಡು ಹೋಗುತ್ತಾರೆ. ಅದರ ಬಿಸಿ ರಕ್ತ ಹಚ್ಚಲು. ಮೊಮ್ಮಗನ ಮಲಗದ ಮೆದುಳನ್ನು ಎಬ್ಬಿಸಲು ಅವಸರ. ತಾತನ ಸಾಯುತ್ತಿರುವ ಮೆದುಳಿಗೆ ಪುರುಸೊತ್ತು.

ಇನ್ನು ಮಗಳ ಸರದಿ. ಅವಳು ಎಡಚಿ. ಎಡಗೈಯಲ್ಲಿ ಪೆನ್ನು ಹಿಡಿದರೆ ಮೇಷ್ಟ್ರ ಗುಟುರು. ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿಯ ಶಾಪ. ಎಡಗೈಯಲ್ಲಿ ಪ್ರಸಾದ ಇಸಿದುಕೊಂಡರೆ, ಬಲ ಮೆದುಳಿಗೆ ಫೀಸು ಕಟ್ಟಿ ಬಂದ ಅಪ್ಪನೇ ಕೈಮೇಲೆ ಬಾರಿಸುತ್ತಾನೆ.

ಆ ಎಡಗೈಯನ್ನು ಆಡಿಸುವುದು ಬಲ ಮೆದುಳೇ. ದುಡ್ಡು ಕೊಟ್ಟು ಎಬ್ಬಿಸುವುದೂ ಅದನ್ನೇ, ಹೊಡೆದು ಅಡಗಿಸುವುದೂ ಅದನ್ನೇ. ರಸೀದಿ ಮಾತ್ರ ಮೊದಲನೆಯದಕ್ಕೆ.