ತಪಾಸ್ ಕಾಕಾ

ನಮ್ಮೂರು ಕೋಡ್ಲಾದಲ್ಲಿ ಯಾರಾದರೂ ಹಳೇ ಟ್ರ್ಯಾಕ್ಟರ್ ಕೊಳ್ಳುವ ಮನಸ್ಸು ಮಾಡಿದರೆ ಆ ಸುದ್ದಿ ಹೆಂಡತಿಗಿಂತ ಮೊದಲು ತಪಾಸ್ ಕಾಕಾನಿಗೆ ಮುಟ್ಟುತ್ತದೆ. ಆತನಿಗೆ ಬೇರೊಂದು ಹೆಸರೂ ಇದೆ, ರೇಷನ್ ಕಾರ್ಡಿನಲ್ಲಿ. ಸ್ವಂತಕ್ಕೆ ಟ್ರ್ಯಾಕ್ಟರ್ ಇಲ್ಲ, ಹಿಂದೆಯೂ ಇರಲಿಲ್ಲ. ಇರುವುದೊಂದು ಸೈಕಲ್ಲು. ಅದೂ ಆತ ನೋಡಿ ತಂದದ್ದಲ್ಲ, ಬೀಗರು ಕೊಟ್ಟದ್ದು.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹೀಗೆ ಹಳೇ ಗಾಡಿ ತಪಾಸು ಮಾಡುವವರು ಊರಿಗೊಬ್ಬರಿದ್ದಾರೆ. ಇವರ ಅಜ್ಜಂದಿರು ಸಂತೆಯಲ್ಲಿ ಎತ್ತಿನ ಸುಳಿ ನೋಡುತ್ತಿದ್ದರು, ಹಲ್ಲು ಎಣಿಸುತ್ತಿದ್ದರು. ಎತ್ತು ಹೋದವು, ವಿದ್ಯೆ ಉಳಿಯಿತು. ಈಗ ಅದು ಸೈಲೆನ್ಸರ್ ಹೊಗೆಯ ಮೇಲೆ ನಡೆಯುತ್ತಿದೆ.

ನನ್ನ ಎಂಟೆಕರೆ ತೊಗರಿ ಹೊಲಕ್ಕೆ ಎರಡು ಟ್ರ್ಯಾಕ್ಟರ್ ಗೊತ್ತಾಗಿದ್ದವು. ಒಂದು ಚಿತ್ತಾಪುರ ಕಡೆಯ ಮಸ್ಸಿ 1035, ಮೂರು ಸಿಲಿಂಡರ್, 36 ಅಶ್ವಶಕ್ತಿ. ಇನ್ನೊಂದು ತಾಂಡೂರು ಕಡೆಯ ಮಹೀಂದ್ರಾ 575, ನಾಲ್ಕು ಸಿಲಿಂಡರ್, 45 ಅಶ್ವಶಕ್ತಿ. ಬೆಲೆ ಹೆಚ್ಚುಕಡಿಮೆ ಒಂದೇ. ಯಾವುದು ಅಂತ ಕೇಳಲು ಕಾಕಾನ ಮನೆಗೆ ಹೋದೆ. ಅಷ್ಟೊತ್ತಿಗಾಗಲೇ ಆತ ಟವೆಲ್ ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ.

ಕಾಕಾನ ಮೊದಲ ಕಾನೂನು: ಹೇಳದೆ ಕೇಳದೆ, ಬೆಳಕು ಹರಿಯುವ ಮುಂಚೆ ಹೋಗಬೇಕು. ಮಾರುವವನು ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಎಂಥ ಮುದಿಗಾಡಿಯೂ ಒಂದೇ ಸೆಲ್ಫಿಗೆ ಏಳುತ್ತದೆ. ಕಾಕಾ ಕತ್ತಲಲ್ಲೇ ಮಸ್ಸಿಯ ಹತ್ತಿರ ಹೋಗಿ, ಕೂಸಿನ ಜ್ವರ ನೋಡುವಂತೆ ಸೈಲೆನ್ಸರ್ ಮೇಲೆ ಅಂಗೈ ಇಟ್ಟ. “ತಣ್ಣಗದ. ಮಾಲಕ ಖರೇ ಮನಷ್ಯಾ” ಅಂದ. ಮಾಲೀಕ ಇನ್ನೂ ಹಾಸಿಗೆಯಲ್ಲಿದ್ದ.

ಎರಡನೆಯದು ಧೂಳು. ಮಡ್‌ಗಾರ್ಡಿನ ಒಳಗೆ ಬೆರಳು ತಿರುವಿ ತೆಗೆದು ಟಾರ್ಚಿಗೆ ಹಿಡಿಯುತ್ತಾನೆ. ಕರೀ ಧೂಳಿದ್ದರೆ ಎರಿ ಹೊಲದ ಗಾಡಿ, ಕೆಂಪಿದ್ದರೆ ಚಿಂಚೋಳಿ ಆಚೆ ಕುಂಚಾವರಂ ಕಡೆಯದು, ಬಿಳಿ ಇದ್ದರೆ ಖಣಿಯೊಳಗೆ ಫರ್ಸಿ ಕಲ್ಲು ಎಳೆದದ್ದು. ಈ ವಿದ್ಯೆಯನ್ನು ನಾನು ಸುಮ್ಮನೆ ಚೇಷ್ಟೆ ಮಾಡಲಾರೆ. ಶಹಾಬಾದ್ ಫರ್ಸಿಯಾಗಲಿ, ವಾಡಿ, ಸೇಡಂ, ಮಳಖೇಡ, ನಮ್ಮೂರ ಸಿಮೆಂಟ್ ಕಾರ್ಖಾನೆಗಳಾಗಲಿ, ಎಲ್ಲವೂ ಇದೇ ಸುಣ್ಣಕಲ್ಲಿನ ಮೇಲೆ ನಿಂತಿವೆ. ಆ ಪುಡಿ ಏರ್ ಫಿಲ್ಟರ್ ದಾಟಿ ಒಳಗೆ ಹೋಯಿತೆಂದರೆ ಪಿಸ್ಟನ್ ರಿಂಗಿನ ಕತೆ ಮುಗಿಯಿತು. ಮಸ್ಸಿಯಿಂದ ಬಂದ ಬೆರಳು ವಿಭೂತಿ ಹಚ್ಚಿಕೊಂಡಂತೆ ಬೆಳ್ಳಗಿತ್ತು.

“ಫರ್ಸಿ ಎಳದದ ತಮ್ಮಾ.”

ಮಾಲೀಕನನ್ನು ಎಬ್ಬಿಸಿ ಸ್ಟಾರ್ಟ್ ಮಾಡಿಸಿದ. ಹೊಗೆ ಕಪ್ಪಗೆ ಬಂದರೆ ಡೀಸೆಲ್ ಸರಿಯಾಗಿ ಸುಡುತ್ತಿಲ್ಲ, ನೀಲಿ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಬಂದದ್ದು ನೀಲಿ. ಬಹಳ ಅಲ್ಲ, ಜರಾ. ಆರ್‌ಸಿ ತರಿಸಿ, ಡೀಸೆಲ್ ಬಟ್ಟೆಯಿಂದ ಚಾಸಿ ನಂಬರ್ ಒರೆಸಿ ತಾಳೆ ನೋಡಿದ. ಅದರಲ್ಲಿ ಇನ್ನೂ ಗುಲ್ಬರ್ಗಾ ಅಂತಲೇ ಇತ್ತು. “2014ರಾಗ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತು, 2019ರಾಗ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು. ಇದರ ಕ್ಲಚ್ ಪ್ಲೇಟ್ ಒಂದು ಬದಲಾಗಿಲ್ಲ ನೋಡು” ಅಂದ.

ವಾಪಸ್ ಬರುವಾಗ ಸೇಡಂ ಬಸ್‌ಸ್ಟ್ಯಾಂಡ್ ಹತ್ತಿರ ಸುಸಲಾ, ಮಿರ್ಚಿ, ಎರಡು ಚಹಾ. ರೊಕ್ಕ ನನ್ನದು.

ಆಮೇಲೆ ತಾಂಡೂರು ಕಡೆ ಹೋದೆವು. ಮಹೀಂದ್ರಾಕ್ಕೆ ಹೊಸ ಕೆಂಪು ಬಣ್ಣ ಬಳಿದಿದ್ದರು. “ಮುದುಕಿಗೆ ಇಳಕಲ್ ಸೀರಿ ಉಡಿಸ್ಯಾರ” ಅಂದವನೇ ಕಾಕಾ ನೇರ ಹಿಂದಕ್ಕೆ ಹೋದ. ಹೈಡ್ರಾಲಿಕ್ಕಿನಿಂದ ಕಲ್ಟಿವೇಟರ್ ಮೇಲೆತ್ತಿಸಿ, ಇಂಜಿನ್ ಬಂದ್ ಮಾಡಿಸಿ, “ಚಾ ತರಸ್ರಿ” ಅಂದ. ಇದು ಮರ್ಯಾದೆಯ ಚಹಾ ಅಲ್ಲ, ಅಳತೆಯ ಚಹಾ. ಕಪ್ ಖಾಲಿಯಾಗುವುದರೊಳಗೆ ಕಲ್ಟಿವೇಟರ್ ಕೆಳಗಿಳಿದರೆ ಒಳಗೆ ಎಲ್ಲೋ ಎಣ್ಣೆ ಸೋರುತ್ತಿದೆ ಎಂದರ್ಥ. ಕಾಕಾ ಬಸಿಯಲ್ಲಿ ಹಾಕಿಕೊಂಡು, ಊದಿ ಊದಿ ಕುಡಿದ. ಕಲ್ಟಿವೇಟರ್ ಅಲ್ಲಾಡಲಿಲ್ಲ. ಎರಡನೇ ಕಪ್ ಕೇಳಿದ. ಆಗಲೂ ಅಲ್ಲಾಡಲಿಲ್ಲ. ಮಾಲೀಕನ ಮುಖ ಅರಳಿತು, ಕಾಕಾನದು ಸಣ್ಣಗಾಯಿತು. ಐಬು ಸಿಗದ ಗಾಡಿ ಕಂಡರೆ ಆತನಿಗೆ ಸಂಕಟ.

ಪುಣ್ಯಕ್ಕೆ ಕಾಗದಪತ್ರದಲ್ಲಿ ಸಿಕ್ಕಿತು. ನಂಬರ್ ಎಪಿ 28. ಗಾಡಿ ಆಂಧ್ರದಲ್ಲಿ ಹುಟ್ಟಿತ್ತು, 2014ರ ಜೂನ್ 2ಕ್ಕೆ ನಿಂತ ಜಾಗದಲ್ಲೇ ತೆಲಂಗಾಣದ್ದಾಯಿತು, ಇನ್ನು ಎನ್‌ಓಸಿ ತೆಗೆಸಿ ಕರ್ನಾಟಕಕ್ಕೆ ತರಬೇಕು. “ನೀ ಹೊಲ ಊಳಾಂವೋ, ಆಫೀಸ್ ಅಡ್ಡಾಡಾಂವೋ?” ಅಂತ ನನ್ನನ್ನೇ ಕೇಳಿದ.

ಆಮೇಲೆ ಒಂದು ತಿಂಗಳು ತೌಲನಿಕ ಅಧ್ಯಯನ ನಡೆಯಿತು. ಮಸ್ಸಿ ಡೀಸೆಲ್ ಕಡಿಮೆ ಕುಡಿಯುತ್ತದೆ, ಆದರೆ ಎರಿ ಹೊಲದಲ್ಲಿ ಪಲ್ಟಿ ನೇಗಿಲು ಎಳೆಯುವಾಗ ತೇಕುತ್ತದೆ. ಮಹೀಂದ್ರಾ ಎಳೆಯುತ್ತದೆ, ಆದರೆ ಎಂಟೆಕರೆಗೆ ಅಷ್ಟು ದೊಡ್ಡ ಗಾಡಿ ಯಾಕೆ? ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಈ ವಿಚಾರವಾಗಿ ಎರಡು ಪಕ್ಷಗಳಾದವು. ಕಾಕಾ ದಿನ ಬಿಟ್ಟು ದಿನ ಎರಡರಲ್ಲೂ ಇದ್ದ. ತಡೆಯಲಾರದೆ ಒಂದು ಸಂಜೆ ಕೇಳಿಯೇಬಿಟ್ಟೆ.

“ಕಾಕಾ, ಹಂಗಾರ ಯಾವುದು ತಗೋಬೇಕು?”

ಬಹಳ ಹೊತ್ತು ಸುಮ್ಮನಿದ್ದ. “ಮಸ್ಸಿ ಕಾಗದ, ಮಹೀಂದ್ರಾ ಹೈಡ್ರಾಲಿಕ್, ಇಂಜಿನ್ ಮಾತ್ರ ಬ್ಯಾರೇದು. ಅಂಥಾದು ಸಿಕ್ಕರ ಕಣ್ಣು ಮುಚ್ಚಿ ತಗೋ.”

ಅಂಥ ಗಾಡಿ ಯಾವ ಆರ್‌ಟಿಓ ಕಚೇರಿಯಲ್ಲೂ ನೋಂದಣಿಯಾಗಿಲ್ಲ. ಅದು ಕಾಕಾನ ತಲೆಯಲ್ಲಿ ಮಾತ್ರ ಓಡಾಡುತ್ತದೆ, ಡೀಸೆಲ್ ಇಲ್ಲದೆ.

ಅಷ್ಟರಲ್ಲಿ ಮಿರಗ ಮಳೆ ಬಿತ್ತು. ಮಹೀಂದ್ರಾ ತಾಂಡೂರಿನಲ್ಲೇ ಮಾರಿಹೋಯಿತು. ಮಸ್ಸಿಯನ್ನು ಪಕ್ಕದೂರಿನ ಹುಡುಗನೊಬ್ಬ ಟೈರು ಮಾತ್ರ ನೋಡಿ, ಅದೂ ಹಗಲು ಹನ್ನೆರಡಕ್ಕೆ ಹೋಗಿ, ರೊಕ್ಕ ಎಣಿಸಿ ತಂದ. ನನ್ನ ಎಂಟೆಕರೆ ಬಿತ್ತಿದ್ದು ಅದೇ ಮಸ್ಸಿ, ಬಾಡಿಗೆಗೆ. ಕಾಕಾ ಬದುವಿನ ಮೇಲೆ ನಿಂತು ಸಂಜೆಯವರೆಗೂ ಹೊಗೆ ತೋರಿಸುತ್ತಿದ್ದ: “ನೋಡು, ನೀಲಿ! ನಾ ಹೇಳಿರಲಿಲ್ಲೇನು?” ಹೇಳಿದ್ದ, ಸುಳ್ಳಲ್ಲ. ಬಾಡಿಗೆ ಎಣಿಸಿ ಕೊಟ್ಟೆ.

ನಿಮ್ಮೂರಲ್ಲಿ ಯಾರಾದರೂ ಹಳೇ ಟ್ರ್ಯಾಕ್ಟರ್ ನೋಡುತ್ತಿದ್ದರೆ ತಿಳಿಸಿ, ಕಾಕಾ ಬರುತ್ತಾನೆ. ಅಮಾವಾಸ್ಯೆ ದಿನ ಬರುವುದಿಲ್ಲ, ಶನಿವಾರ ಕಬ್ಬಿಣ ಮುಟ್ಟುವುದಿಲ್ಲ. ಸುಸಲಾ ಮಿರ್ಚಿ ನಿಮ್ಮದು.