ಮಾನ್ಯ ತೀರ್ಪುಗಾರರೇ

ಪ್ರತಿಭಾ ಕಾರಂಜಿಯ ಸುತ್ತೋಲೆ ಶಾಲೆಗೆ ಬಂದ ದಿನ ನಮ್ಮ ಚರ್ಚಾಪಟು ಹುಟ್ಟುತ್ತಾನೆ. ಅದಕ್ಕೆ ಮೊದಲು ಅವನು ಒಂಬತ್ತನೇ ತರಗತಿಯ ಒಬ್ಬ ಹುಡುಗ, ಅಷ್ಟೇ. ಕನ್ನಡ ಮೇಷ್ಟ್ರು ಒಳಗೆ ಬಂದು "ಚರ್ಚಾಸ್ಪರ್ಧೆಗೆ ಯಾರ್ರೋ?" ಅಂದ ಕೂಡಲೇ ಹಿಂದಿನ ಬೆಂಚಿನವರೆಲ್ಲ ಒಟ್ಟಾಗಿ ಅವನ ಕಡೆ ಬೆರಳು ತೋರಿಸುತ್ತಾರೆ. ಕಾರಣ, ಅವನ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಬಾಯಿ ಇದ್ದವನಿಗೆ ವಾದ ಬಂದೇ ಬರುತ್ತದೆ ಎಂಬುದು ಆ ತರಗತಿಯಲ್ಲಿ ನಡೆದ ಮೊದಲ ತಪ್ಪು ತರ್ಕ. ಮೇಷ್ಟ್ರು ಅದನ್ನೇ ಒಪ್ಪಿ ಹೆಸರು ಬರೆದುಕೊಳ್ಳುತ್ತಾರೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿ ಹೋದರೂ ಇವನು ಸಿಗುತ್ತಾನೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ವೇದಿಕೆ ಹತ್ತಿದರೆ ಯಾವ ಊರಿನಲ್ಲೂ ಯಾರೂ ಆಡದ ಇನ್ನೊಂದು ಕನ್ನಡ. "ನಂಗೆ ಬೇಡ" ಎನ್ನುತ್ತಿದ್ದವನು ಮೈಕಿನ ಮುಂದೆ "ನಾನಿದನ್ನು ಪ್ರಬಲವಾಗಿ ಖಂಡಿಸುತ್ತೇನೆ" ಎನ್ನುತ್ತಾನೆ. ಏನನ್ನು ಖಂಡಿಸಿದ ಎಂದು ಕೇಳಬೇಡಿ. ಖಂಡಿಸಿದ್ದು ಮೊದಲು, ಏನನ್ನು ಎಂಬುದು ಆಮೇಲೆ.

ಕೊಟ್ಟಿರುವುದು ಮೂರು ನಿಮಿಷ. ಅದರಲ್ಲಿ ಮೊದಲ ನಿಮಿಷ ನಮಸ್ಕಾರಕ್ಕೇ ಹೋಗುತ್ತದೆ. ಸಭೆಯ ಅಧ್ಯಕ್ಷರೇ, ತಪ್ಪೇ ಮಾಡದ ತೀರ್ಪುಗಾರರೇ, ಸಮಯಕ್ಕೆ ಸರಿಯಾಗಿ ಗಂಟೆ ಬಾರಿಸುವ ಸಮಯಪಾಲಕರೇ, ನನ್ನೆಲ್ಲ ಗುರುವೃಂದವೇ, ಸಹೃದಯ ಸ್ಪರ್ಧಾಮಿತ್ರರೇ. ತೀರ್ಪುಗಾರರು ತಪ್ಪೇ ಮಾಡುವುದಿಲ್ಲ ಎಂದು ಮೊದಲೇ ಸಾರಿದವನು ಫಲಿತಾಂಶ ಬಂದ ಮೇಲೆ ಅದೇ ತೀರ್ಪುಗಾರರ ಬಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಆಡುವ ಮಾತು ಬೇರೆ. ಎರಡನೇ ನಿಮಿಷಕ್ಕೆ ವಿಷಯದ ಹೆಸರನ್ನು ಇಡಿಯಾಗಿ ಒಮ್ಮೆ ಓದುತ್ತಾನೆ. ಮೂರನೆಯದರಲ್ಲಿ ಅಬ್ದುಲ್ ಕಲಾಂ ಬರುತ್ತಾರೆ. ಇವನ ಮೊಬೈಲಿಗೆ ಬಂದ ಸುಪ್ರಭಾತದ ಸಂದೇಶಗಳನ್ನೆಲ್ಲ ಬರೆದವರು ಅವರೇ ಎಂಬುದು ಇವನ ದೃಢ ನಂಬಿಕೆ. ಅಷ್ಟರಲ್ಲಿ ಗಂಟೆ.

ಕಲಾಂ ಬರದ ದಿನ ವಿಶ್ವೇಶ್ವರಯ್ಯನವರು ಬರುತ್ತಾರೆ. ಅವರ ಊರು ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವುದರಿಂದ ಈ ಭಾಗದ ಮಕ್ಕಳಿಗೆ ಅವರು ಮನೆಯವರೇ. 'ಮೊಬೈಲ್ ವಿದ್ಯಾರ್ಥಿಗಳಿಗೆ ಮಾರಕ' ಎಂಬ ವಿಷಯ ಕೊಟ್ಟರೆ ಪರ ವಹಿಸಿದವನು "ಬೀದಿದೀಪದ ಕೆಳಗೆ ಓದಿದ ವಿಶ್ವೇಶ್ವರಯ್ಯನವರ ಕೈಯಲ್ಲಿ ಮೊಬೈಲ್ ಇತ್ತೇ?" ಎಂದು ಗುಡುಗುತ್ತಾನೆ. ವಿರೋಧಕ್ಕೆ ನಿಂತವಳು "ಇಂದು ಅವರು ಇದ್ದಿದ್ದರೆ ಅಣೆಕಟ್ಟಿನ ನಕ್ಷೆಯನ್ನು ಮೊಬೈಲಿನಲ್ಲೇ ತೆಗೆಯುತ್ತಿದ್ದರು" ಎನ್ನುತ್ತಾಳೆ. ಇಬ್ಬರಿಗೂ ಚಪ್ಪಾಳೆ. ಅದೇ ವಿಶ್ವೇಶ್ವರಯ್ಯನವರು 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲು ಹಾಕಿಸಿದರು, ಅಂಥದ್ದಕ್ಕೆ ಮೇಲಿನವರನ್ನು ಒಪ್ಪಿಸಲು ಲೆಕ್ಕ ಇಟ್ಟುಕೊಂಡು ಮಾತಾಡಬೇಕಿತ್ತು ಎಂಬುದು ಮಾತ್ರ ಯಾರ ಭಾಷಣದಲ್ಲೂ ಬರುವುದಿಲ್ಲ. ಬೀದಿದೀಪಕ್ಕೆ ಸಿಗುವಷ್ಟು ಚಪ್ಪಾಳೆ ಲೆಕ್ಕಕ್ಕೆ ಸಿಗದು.

ಗೌರಿಬಿದನೂರಿನವನ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಅವನ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಎಚ್. ನರಸಿಂಹಯ್ಯನವರು ಹುಟ್ಟಿದರು. ಓದಲಿಕ್ಕೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದವರು, ಭೌತವಿಜ್ಞಾನದ ಮೇಷ್ಟ್ರಾದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, 'ನಾವು ನೋಡುತ್ತೇವೆ, ನೀವು ತೋರಿಸಿ' ಎಂಬ ಪಟ್ಟು ಹಿಡಿದವರು. ಸುಳ್ಳು ಎಂದು ಕೂಗಿ ಬಿಡುವುದು ಸುಲಭವಿತ್ತು. ಪರೀಕ್ಷೆಗೆ ಬನ್ನಿ ಎನ್ನುವುದು ಕಷ್ಟದ ದಾರಿ. ಈ ಪರಂಪರೆಯನ್ನು ನಮ್ಮ ಹುಡುಗ ಹೀಗೆ ಮುಂದುವರಿಸುತ್ತಾನೆ: "ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂದು ಎಚ್.ಎನ್. ನಮಗೆ ಕಲಿಸಿದ್ದಾರೆ. ಆದ್ದರಿಂದ ನನ್ನ ಮಾತನ್ನು ನೀವೆಲ್ಲರೂ ಒಪ್ಪಲೇಬೇಕು." ಉಳಿದ ಸಮಯಕ್ಕೆ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜ ಹಿಡಿದು ಸೇರಿದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ಅದನ್ನು ಹೇಳುವಾಗ ಇವನ ಗಂಟಲು ಬಿಗಿಯುತ್ತದೆ, ಕಣ್ಣು ತುಂಬುತ್ತದೆ, ಮುಂದಿನ ಸಾಲಿನ ಮೇಡಂ ಸೆರಗಿನ ತುದಿ ಹುಡುಕುತ್ತಾರೆ. ವಿಷಯ ಪ್ಲಾಸ್ಟಿಕ್ ನಿಷೇಧವಾಗಿತ್ತು.

ಚಿಂತಾಮಣಿಯಿಂದ ಬರುವ ಹುಡುಗಿ ಎಂದರೆ ಮಾತ್ರ ಇವರಿಗೆಲ್ಲ ಭಯ. ಅವಳ ಅಪ್ಪ ಟೊಮೆಟೊ ಬೆಳೆದು ಮಂಡಿಗೆ ಹಾಕುವವರು. ಹದಿನೈದು ಕೆಜಿ ಕ್ರೇಟಿನ ರೇಟು ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂಬ ಮನೆಯಲ್ಲಿ ಬೆಳೆದವಳು 'ಬಹಳ', 'ತುಂಬಾ', 'ಎಲ್ಲರೂ' ಎಂಬ ಮಾತುಗಳನ್ನು ನಂಬುವುದಿಲ್ಲ. ಎದುರಾಳಿ ಹತ್ತು ವಾಕ್ಯ ಗುಡುಗಿ ಕೂತ ಮೇಲೆ ಎದ್ದು ಕೇಳುತ್ತಾಳೆ: "ಎಷ್ಟು? ಯಾವಾಗ? ನೋಡಿದವರು ಯಾರು?" ಗುಡುಗಿದವನು ನೀರು ಕುಡಿಯುತ್ತಾನೆ.

ಇಷ್ಟು ಹೇಳಿದ ಮೇಲೆ ಶಿಡ್ಲಘಟ್ಟದವನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವನು ಅಮ್ಮನ ಜೊತೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುತ್ತಾನೆ, ಗೂಡಿನ ಚೀಲ ಹೊರಲು. ಚೀಲ ಇಳಿಸಿದ ಮೇಲೆ ಅವನ ಕೆಲಸ ಮುಗಿಯಿತು. ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ನಾಳೆಯ ಸ್ಪರ್ಧೆಗೆ ಬಾಯಿಪಾಠ ಶುರು: "ವಾದವೆಂಬುದು ಜ್ಞಾನದ ಜ್ಯೋತಿ..." ಮೂರು ಅಡಿ ಆಚೆ ಅಮ್ಮನ ರಾಶಿಯ ಮುಂದೆ ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರು ಬಂದು ನಿಲ್ಲುತ್ತಾರೆ. ಹರಾಜು ಈಗ ಮೊಬೈಲಿನಲ್ಲಿ ನಡೆದರೂ ರೇಟು ಒತ್ತುವ ಮೊದಲು ರಾಶಿಗೆ ಕೈಹಾಕದ ರೀಲರು ಇಲ್ಲ. ಒಂದು ಗೂಡು ಎತ್ತಿ ಅದುಮುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ.

"ಗೂಡು ಮೆತ್ತಗಿದೆ ಅಕ್ಕಾ."

"ಮೇಲಿಂದೊಂದು ಎತ್ತಿ ಹೇಳ್ಬೇಡ ಭಾಯ್. ತಳಕ್ಕೆ ಕೈ ಹಾಕು. ನಡುವಿಂದೂ ತೆಗಿ. ಹತ್ತು ಗೂಡು ಕುಯ್ದು ನೋಡು, ಎಷ್ಟ್ರಲ್ಲಿ ಹುಳ ಸತ್ತಿದೆ ಹೇಳು."

ರೀಲರು ತಳದಿಂದ ತೆಗೆದು ನೋಡುತ್ತಾರೆ. "ಹುಳ ಚೆನ್ನಾಗಿದೆ ಅನ್ನಿ. ಆದ್ರೆ ಇದು ಗೂಡು ಕಟ್ಟೋವಾಗ ಮಳೆ ಹಿಡ್ಕೊಂಡಿತ್ತು ತಾನೇ? ಹುಳ ಗೂಡು ಕಟ್ಟೋ ಚಂದ್ರಿಕೆ ತೇವ ಆದ್ರೆ ನೂಲು ಸಲೀಸಾಗಿ ಬಿಚ್ಚಲ್ಲ. ಒಂದು ಕೆಜಿ ನೂಲಿಗೆ ಗೂಡು ಜಾಸ್ತಿ ಹಿಡಿಯುತ್ತೆ. ನನ್ನ ಲೆಕ್ಕ ಏನಾಗ್ಬೇಕು?"

"ಮಳೆ ಬಂತು, ಇಲ್ಲ ಅನ್ನಲ್ಲ. ಅದಕ್ಕೇ ಅಂದ್ಕೊಂಡಿದ್ದ ರೇಟಲ್ಲಿ ಹತ್ತು ರೂಪಾಯಿ ಬಿಡ್ತೀನಿ. ಪಕ್ಕದ ಲಾಟು ನೋಡು, ಅವರದ್ದೂ ನಮ್ಮದೂ ಒಂದೇ ಚಾಕಿ ಸೆಂಟರ್ ಹುಳ, ಒಂದೇ ಮಳೆ. ಅದಕ್ಕೆ ಅಷ್ಟು ಒತ್ತಿ ನಂಗೆ ಇಷ್ಟು ಅಂದ್ರೆ ಹೆಂಗೆ?"

ರೀಲರು ನಗುತ್ತಾರೆ, ಮೊಬೈಲ್ ಒತ್ತುತ್ತಾರೆ. ಇಷ್ಟು ಹೊತ್ತಿನಲ್ಲಿ ಆಧಾರ ಕೇಳಿದ್ದಾಯಿತು, ಮಾದರಿ ಎಲ್ಲಿಂದ ತೆಗೆಯಬೇಕೆಂದು ತೀರ್ಮಾನವಾಯಿತು, ಕಾರಣ ಹೇಳಿದ್ದಾಯಿತು, ಎದುರಿನವರ ನ್ಯಾಯವಾದ ಮಾತನ್ನು ಒಪ್ಪಿದ್ದಾಯಿತು, ಒಪ್ಪಿದ ಮೇಲೂ ತನ್ನ ನೆಲ ಬಿಡದೆ ಹೋಲಿಕೆ ಕೊಟ್ಟದ್ದಾಯಿತು. ಯಾರೂ ಯಾರನ್ನೂ ಖಂಡಿಸಲಿಲ್ಲ. ಕಂಬದ ಬಳಿ ಇನ್ನೂ ಜ್ಞಾನದ ಜ್ಯೋತಿ ಉರಿಯುತ್ತಿದೆ.

ನನಗೆ ತೋಚುವುದು, ಈ ಸೀಮೆಯ ಜನಕ್ಕೆ ವಾದ ಕಲಿಸಬೇಕಾಗಿಯೇ ಇಲ್ಲ. ಕೊಳವೆಬಾವಿಗೆ ಜಾಗ ಗುರುತಿಸುವವನ ಜೊತೆ, ದ್ರಾಕ್ಷಿ ತೋಟಕ್ಕೆ ಬಂದ ದಲ್ಲಾಳಿಯ ಜೊತೆ, ಸೊಸೈಟಿ ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆಯುವವನ ಜೊತೆ ಅವರು ದಿನಾ ಮಾಡುವುದು ಅದನ್ನೇ. ಮೈಕು ಕಂಡಾಗ ಮಾತ್ರ ಎಲ್ಲ ಮರೆತುಹೋಗುತ್ತದೆ.

ಮೇಷ್ಟ್ರು ಒಳ್ಳೆಯವರು, ಹಳೇ ಕಾಲದ ತರ್ಕ ಓದಿಕೊಂಡವರು. ಒಂದು ದಿನ ಶಿಡ್ಲಘಟ್ಟದ ಈ ಹುಡುಗನನ್ನು ಕೂರಿಸಿಕೊಂಡು ಗೌತಮನ ನ್ಯಾಯಸೂತ್ರದ ಐದು ಅಂಗ ಹೇಳಿಕೊಡುತ್ತಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ; ಏಕೆಂದರೆ ಹೊಗೆ ಇದೆ; ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ; ಈ ಬೆಟ್ಟದಲ್ಲೂ ಹೊಗೆ ಇದೆ; ಆದ್ದರಿಂದ ಬೆಂಕಿ ಇದೆ. ಹುಡುಗ ಕಿಟಕಿಯ ಆಚೆ ನೋಡಿ, "ಸಾರ್, ದಿನಾ ಬೆಳಗ್ಗೆ ನಂದಿ ಬೆಟ್ಟದ ಮೇಲೆ ಹೊಗೆ ಇರತ್ತೆ. ಬೆಂಕಿ ಎಲ್ಲಿ?" ಎನ್ನುತ್ತಾನೆ. ಅದು ಮಂಜು. ಮಂಜನ್ನು ಹೊಗೆ ಅಂದುಕೊಂಡು ಕಟ್ಟಿದ ವಾದ ಎಷ್ಟು ಚೆಂದವಿದ್ದರೂ ಬಿದ್ದುಹೋಗುತ್ತದೆ, ಇದನ್ನೇ ಹೇತ್ವಾಭಾಸ ಎಂದರು, ಅಂತ ಮೇಷ್ಟ್ರಿಗೆ ಬಹಳ ಸಂತೋಷ. ನಿಜ ತಿಳಿಯಲು ಆಡುವ ಮಾತು ವಾದ, ಗೆಲ್ಲಲೆಂದೇ ಆಡುವುದು ಜಲ್ಪ, ತನ್ನದೇನೂ ಇಲ್ಲದೆ ಇನ್ನೊಬ್ಬರದ್ದನ್ನು ಕೆಡವುವುದಷ್ಟೇ ವಿತಂಡ ಎಂಬುದನ್ನೂ ಸೇರಿಸಿ ಹೇಳುತ್ತಾರೆ.

ಅಲ್ಲಿಂದ ನಮ್ಮ ಚರ್ಚಾಪಟುವಿನ ಎರಡನೇ ಅವಸ್ಥೆ. ಇದು ಮೊದಲನೆಯದಕ್ಕಿಂತ ಅಪಾಯಕರ. ಮೊದಲು ಮೈಕಿನ ಮುಂದೆ ಮಾತ್ರ ಕಾಟ ಇತ್ತು, ಈಗ ಮನೆಯಲ್ಲೂ ಶುರು. ಚಾಕಿಯಿಂದ ಚಂದ್ರಿಕೆಯವರೆಗೆ ಎಲ್ಲಕ್ಕೂ ದೋಷದ ಹೆಸರು ಹಚ್ಚುತ್ತಾನೆ. "ಸೊಪ್ಪು ಕುಯ್ಕೊಂಡು ಬಾರೋ ಸೋಮಾರಿ" ಎಂದರೆ "ಅಮ್ಮಾ, ಸೋಮಾರಿ ಅನ್ನೋದು ವೈಯಕ್ತಿಕ ಟೀಕೆ, ಹೇತು ಅಲ್ಲ." ಅಪ್ಪ "ನಮ್ಮ ಕಾಲದಲ್ಲಿ ಹಿಂಗಿರ್ಲಿಲ್ಲ" ಎಂದರೆ "ಉದಾಹರಣೆ ಸಾಲದು." ತಾತ ಮಾತ್ರ ಜಗ್ಗುವುದಿಲ್ಲ. ಊರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ಬೋರಿನಲ್ಲಿ ನೀರು ಏರಿತು ಎಂದು ತಾತ ಹೇಳುತ್ತಾರೆ. ಮೊಮ್ಮಗ ಮೊದಲ ಬಾರಿಗೆ ನಿಜವಾದ ಪ್ರಶ್ನೆ ಕೇಳುತ್ತಾನೆ: "ಅದೇ ವರ್ಷ ಮಳೇನೂ ಹುಯ್ದಿತ್ತಲ್ಲ ತಾತ? ಏರಿಸಿದ್ದು ಯಾವ್ದು?" ತಾತ ಬೀಡಿ ಆರಿಸಿ, "ನೀರು ಬರದ ಕೆರೆ ಪಕ್ಕದೂರಲ್ಲಿದೆ. ಅಲ್ಲಿ ಬೋರು ಹೆಂಗೈತೆ ನೋಡ್ಕೊಂಡು ಬಾ, ಹೋಗು" ಎನ್ನುತ್ತಾರೆ. ಹುಡುಗ ಸೈಕಲ್ ತೆಗೆದುಕೊಂಡು ಹೋಗುತ್ತಾನೆ. ಇದೇ ಮಾತನ್ನು ಮೇಷ್ಟ್ರು ಹೇಳಿದ್ದರೆ ಹೋಗುತ್ತಿದ್ದನೋ ಇಲ್ಲವೋ.

ಜಿಲ್ಲಾ ಮಟ್ಟಕ್ಕೆ ಅದೇ ವಿಷಯ ಬಿತ್ತು: 'ಸಂಸ್ಕರಿಸಿದ ನೀರಿನಿಂದ ಕೆರೆ ತುಂಬಿಸುವುದು ಬಯಲುಸೀಮೆಗೆ ವರ'. ಚೀಟಿಯಲ್ಲಿ ಇವನಿಗೆ ಬಂದದ್ದು ಪರ. ಮೊದಲು ಎದ್ದ ಗೌರಿಬಿದನೂರಿನವನು ಭಾವುಕನಾಗಿ, ಎಚ್.ಎನ್. ವ್ಯಾಲಿ ಯೋಜನೆಯನ್ನು ನಾಡಿಗೆ ಕೊಟ್ಟ ಡಾ. ಎಚ್. ನರಸಿಂಹಯ್ಯನವರಿಗೆ ಕೈಮುಗಿದ. ಎಚ್.ಎನ್. ಎಂದರೆ ಹೆಬ್ಬಾಳ ಮತ್ತು ನಾಗವಾರ ಎಂದು ತಿಳಿದಿದ್ದ ತೀರ್ಪುಗಾರರೊಬ್ಬರು ಪೆನ್ನು ಕೆಳಗಿಟ್ಟರು, ಇನ್ನಿಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಚಿಂತಾಮಣಿಯ ಹುಡುಗಿ ಎದ್ದು, ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದು ಏಕೆ ಬೇಡ, ಈ ನೀರು ನೆಲಕ್ಕಿಳಿದು ಕುಡಿಯುವ ಬೋರಿಗೆ ಸೇರಿದರೆ ಪರೀಕ್ಷೆ ಮಾಡುವವರು ಯಾರು ಎಂದು ಮೂರೇ ಪ್ರಶ್ನೆ ಕೇಳಿ ಕೂತಳು.

ನಮ್ಮವನು ಎದ್ದ. ನಮಸ್ಕಾರ ಒಂದೇ ಸಾಲು. ಬೋರಿನಲ್ಲಿ ನೀರು ಏರಿದ್ದು ನಿಜ, ಮಳೆಯ ಪಾಲೂ ಅದರಲ್ಲಿದೆ. ಪಕ್ಕದೂರಿನ ಬೋರುಗಳಲ್ಲಿ ಅಷ್ಟು ಏರಿಲ್ಲ, ಆದ್ದರಿಂದ ಕೆರೆಯ ಪಾಲೂ ಇದೆ ಎನ್ನಬಹುದು. ನೋಡಿದ್ದು ಎರಡೇ ಊರು, ಜಿಲ್ಲೆಗೆಲ್ಲ ಹೀಗೇ ಎಂದು ಹೇಳಲಾರೆ ಎಂದ. ಎದುರಿನವರು ಕೇಳಿದ ಮೂರನೇ ಹಂತದ ಪ್ರಶ್ನೆ ಸರಿಯಾಗಿದೆ, ಅದನ್ನು ಒಪ್ಪುತ್ತೇನೆ, ಅದಕ್ಕಾಗಿ ನೀರು ನಿಲ್ಲಿಸಬೇಕಿಲ್ಲ, ಶುದ್ಧಿ ಹೆಚ್ಚಿಸಬೇಕು ಎಂದ. ಗಂಟೆ ಬಾರಿಸುವ ಮೊದಲೇ ಕೂತ. ಸಭೆಗೆ ಏನೂ ಅರ್ಥವಾಗಲಿಲ್ಲ. ಮುಗಿಯಿತೋ, ಮರೆತನೋ?

ಮೊದಲ ಬಹುಮಾನ ನರಸಿಂಹಯ್ಯನವರಿಗೆ ಕೈಮುಗಿದವನಿಗೆ. ಎರಡನೆಯದು ಚಿಂತಾಮಣಿಗೆ. ಇವನ ಅಂಕಪಟ್ಟಿಯ ಕೊನೆಯಲ್ಲಿ ಹೀಗೆ ಬರೆದಿತ್ತು: 'ಎದುರಾಳಿಯ ಮಾತನ್ನು ಒಪ್ಪಿಕೊಂಡದ್ದಕ್ಕೆ ಎರಡು ಅಂಕ ಕಡಿತ. ಆವೇಶ ಸಾಲದು.'

ಮನೆಗೆ ಬಂದು ಹೇಳಿದಾಗ ಅಮ್ಮ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು.

"ಎರಡು ಅಂಕ ತಾನೇ? ನಾನು ಹತ್ತು ರೂಪಾಯಿ ಬಿಟ್ಟೆ, ಲಾಟು ಹೋಯ್ತು. ನಿಂದ್ಯಾಕೆ ಹೋಗ್ಲಿಲ್ಲ?"

ಹುಡುಗ ಸ್ವಲ್ಪ ಯೋಚಿಸಿದ.

"ಅವರು ತಳಕ್ಕೆ ಕೈ ಹಾಕಿ ನೋಡ್ಲಿಲ್ಲಮ್ಮ."